ಕಟ್ಟೆಯ ಮುಂದೆ ನಿಲ್ಲದ ಮಾಸ್ತರ

ನಮ್ಮ ಧಾರವಾಡದಲ್ಲಿ ಅಡ್ಡಾಡಲು ಹೋಗುವುದೆಂದರೆ ನಡೆಯಲು ಹೋಗುವುದು ಎಂದು ಹೊರಗಿನವರು ತಿಳಿದುಕೊಂಡರೆ ಅದು ಅವರ ತಪ್ಪಲ್ಲ. ಇಲ್ಲಿ ಅಡ್ಡಾಡುವುದೆಂದರೆ ಮುಖ್ಯವಾಗಿ ನಿಲ್ಲುವುದು. ಮನೆ ಬಿಟ್ಟು ಹತ್ತು ಮಾರು ಹೋಗುವಷ್ಟರಲ್ಲಿ ಒಬ್ಬರು ಸಿಗುತ್ತಾರೆ. ಎಲ್ಲಿಗೆ ಹೊರಟಿರಿ ಎಂದು ಕೇಳುತ್ತಾರೆ. ಎಲ್ಲಿಗೂ ಇಲ್ಲ ಎನ್ನಬೇಕು. ಹಾಗಾದರೆ ಬನ್ನಿ, ಚಹಾ ಕುಡಿಯೋಣ ಎನ್ನುತ್ತಾರೆ. ಈಗಷ್ಟೇ ಆಯಿತು ಎನ್ನಬೇಕು. ಅದನ್ನು ಅವರು ನಂಬಬಾರದು. ಆಮೇಲೆ ಮಳೆ, ಜೋಳದ ಬೆಳೆ, ಹುಬ್ಬಳ್ಳಿ ಧಾರವಾಡ ಎರಡನ್ನೂ ಕೂಡಿಸಿ ಒಂದೇ ಕಾರ್ಪೊರೇಷನ್ ಮಾಡುತ್ತಾರಂತೆ ಎಂಬ ಸುದ್ದಿ, ಮಾಡಿದರೆ ಲಾಭವೆಲ್ಲ ಹುಬ್ಬಳ್ಳಿಯವರಿಗೇ ಎಂಬ ನಮ್ಮ ಒಮ್ಮತ. ಇಷ್ಟೆಲ್ಲ ಆದ ಮೇಲೆ ಮತ್ತೆ ಹತ್ತು ಮಾರು. ಹೀಗೆ ನಿಂತು ನಿಂತು ಸಂಜೆ ಕಳೆದು ಮನೆಗೆ ಬಂದವರು ಇವತ್ತು ಬಹಳ ಅಡ್ಡಾಡಿದೆ, ಕಾಲು ನೋಯುತ್ತಿವೆ ಎಂದು ಹೇಳಿಕೊಳ್ಳುತ್ತಾರೆ. ಅದು ಸುಳ್ಳೂ ಅಲ್ಲ.

ಇಂಥ ಊರಿನಲ್ಲಿ ನನಗೆ ಬರಬಾರದ ರೋಗ ಬಂದಿದೆ. ನಾನು ಇಲ್ಲಿಯ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿದ್ದವನು. ಹೆಂಡತಿ ತೀರಿಕೊಂಡಿದ್ದಾಳೆ. ಮಗಳನ್ನು ಶಿರಗುಪ್ಪಿಗೆ ಕೊಟ್ಟಿದ್ದೇನೆ. ಸುಗ್ಗಿ ಮುಗಿದ ಮೇಲೆ ಬಂದು, ಮನೆ ಸಾರಿಸಿ, ನನ್ನ ಅಡಿಗೆ ರುಚಿ ನೋಡಿ, ಕಣ್ಣೊರೆಸಿಕೊಂಡು ಹೋಗುತ್ತಾಳೆ. ಉಳಿದಂತೆ ಮಾಳಮಡ್ಡಿಯ ಬಾಡಿಗೆ ಮನೆಯಲ್ಲಿ ನಾನು ಒಬ್ಬನೇ. ಹಗಲೆಲ್ಲ ಯಾರೊಂದಿಗೂ ಮಾತಿಲ್ಲದೆ ಕಳೆಯುವುದು ನನಗೆ ಸಾಧ್ಯವಾಗಿದ್ದರೆ ಅದಕ್ಕೆ ಕಾರಣ ಸಂಜೆಯೊಂದಿದೆ ಎಂಬ ಧೈರ್ಯ. ನಮ್ಮ ಓಣಿಯ ತುದಿಗೆ ಚನ್ನಬಸಪ್ಪನ ಕಿರಾಣಿ ಅಂಗಡಿ, ಅದರ ಮುಂದೆ ಒಂದು ಕಲ್ಲಿನ ಕಟ್ಟೆ. ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದ ವಸಂತರಾಯರು, ನನ್ನ ಜೊತೆ ಗಣಿತ ಕಲಿಸುತ್ತಿದ್ದ ಉಪ್ಪಿನಬೆಟಗೇರಿಯ ಗುರುಸಿದ್ಧಪ್ಪ, ನಾನು, ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಚನ್ನಬಸಪ್ಪ. ಆ ಕಟ್ಟೆಯೇ ನನ್ನ ಸಂಸಾರ ಎಂದರೂ ನಡೆಯುತ್ತದೆ.

ಮೊದಲು ಬಲಗೈ ನಡುಗತೊಡಗಿತು. ಚಹಾದ ಕಪ್ಪಿನ ಕೆಳಗಿನ ಬಸಿ ತಾನಾಗಿಯೇ ತಾಳ ಹಾಕತೊಡಗಿದಾಗ ಡಾಕ್ಟರರ ಬಳಿ ಹೋದೆ. ಅವರು ನನ್ನನ್ನು ನಡೆಸಿ ನೋಡಿದರು, ಮೊಳಕೈ ಮಡಿಸಿ ನೋಡಿದರು, ಇದಕ್ಕೆ ಪಾರ್ಕಿನ್ಸನ್ ರೋಗ ಎನ್ನುತ್ತಾರೆ, ನಮ್ಮ ವೈದ್ಯರು ಕಂಪವಾತ ಎನ್ನುತ್ತಾರೆ ಎಂದರು. ಆಮೇಲೆ ಎದೆಗೆ ನಳಿಗೆ ಹಚ್ಚಿ, ಗರಗರ ಎನ್ನುವ ರೇಡಿಯೋದಲ್ಲಿ ವಾರ್ತೆ ಕೇಳುವವರ ಹಾಗೆ ಬಹಳ ಹೊತ್ತು ಕೇಳಿದರು. ಎದೆಯ ಬಡಿತವೂ ಸರಿಯಿಲ್ಲವಂತೆ. ನನಗೆ ಅರ್ಥವಾದ ಮಟ್ಟಿಗೆ, ನನ್ನ ಎದೆ ಡ್ರಿಲ್ಲಿನಲ್ಲಿ ಹಿಂದಿನ ಸಾಲಿನ ಹುಡುಗನಂತೆ ನಾಲ್ಕು ಹೆಜ್ಜೆ ಸರಿಯಾಗಿ ಹಾಕಿ, ಒಂದನ್ನು ನುಂಗಿ, ಅದನ್ನು ತುಂಬಿಕೊಳ್ಳಲು ಎರಡು ಹೆಜ್ಜೆ ಓಡುತ್ತದೆ. ಅಂಥ ಹುಡುಗರನ್ನು ನಾನು ಮೈದಾನದ ಸುತ್ತ ಓಡಿಸುತ್ತಿದ್ದೆ. ಎದೆಯನ್ನು ಎಲ್ಲಿ ಓಡಿಸಲಿ? ಡಾಕ್ಟರರು ಎರಡಕ್ಕೂ ಗುಳಿಗೆ ಕೊಟ್ಟು, ಗುಳಿಗೆಗಿಂತ ಹೆಚ್ಚಿನದನ್ನು ಕಟ್ಟಪ್ಪಣೆ ಮಾಡಿದರು. ಮಲಗಿಕೊಂಡಿರಬೇಡಿ, ಮೈ ಬಿಗಿದುಹೋಗುತ್ತದೆ. ದಿನಾ ಮುಂಜಾನೆ ಸಂಜೆ ಅಡ್ಡಾಡಿ. ಆದರೆ ಅವಸರ ಮಾಡಬೇಡಿ, ಎದೆಗೆ ಒಳ್ಳೆಯದಲ್ಲ.

ಇದನ್ನು ಅವರು ನನ್ನ ಕಾಲುಗಳಿಗೆ ಹೇಳಬೇಕಾಗಿತ್ತು. ನನ್ನ ಕಾಲುಗಳಿಗೆ ಈಗ ಎರಡೇ ವಿದ್ಯೆ ಗೊತ್ತು. ಒಂದೋ ನೆಲಕ್ಕೆ ಕಚ್ಚಿಕೊಂಡು ನಿಲ್ಲುತ್ತವೆ, ಇಲ್ಲವೇ ಸಣ್ಣ ಸಣ್ಣ ಹೆಜ್ಜೆಯಲ್ಲಿ ಮುಗ್ಗರಿಸುವಂತೆ ಓಡುತ್ತವೆ. ನಡುವಿನದೊಂದು ಇರುತ್ತದಲ್ಲ, ಜನ ನಡಿಗೆ ಎನ್ನುವಂಥದ್ದು, ಅದು ಮರೆತುಹೋಗಿದೆ. ಹೊಸ್ತಿಲ ಮುಂದೆ ಬಂದರಂತೂ ಕಾಲು ಏಳುವುದೇ ಇಲ್ಲ. ಇದಕ್ಕೆ ಉಪಾಯ ನನ್ನ ಹಳೆಯ ಉದ್ಯೋಗದಿಂದಲೇ ಸಿಕ್ಕಿತು. ಗಟ್ಟಿಯಾಗಿ ಆಜ್ಞೆ ಕೊಟ್ಟುಕೊಂಡರೆ ಕಾಲು ಕೇಳುತ್ತವೆ. ಒಂದು ಮುಂಜಾನೆ ಹೊಸ್ತಿಲಲ್ಲಿ ನಿಂತು ಕ್ವಿಕ್ ಮಾರ್ಚ್ ಎಂದು ಕೂಗಿದೆ. ನಾನು ಹೊಸ್ತಿಲು ದಾಟಿದೆ. ಬಾಗಿಲಿಗೆ ಬಂದಿದ್ದ ಮೊಸರಿನ ಮುದುಕಿಯೂ ಗಡಿಗೆ ಹೊತ್ತುಕೊಂಡು ಹಾಗೆಯೇ ಮುಂದೆ ಹೊರಟುಹೋದಳು. ಆ ದಿನ ಮಜ್ಜಿಗೆಯಿಲ್ಲದೆ ಉಂಡೆ.

ಕಟ್ಟೆಯ ವಿಷಯದಲ್ಲಿ ಮಾತ್ರ ಉಪಾಯ ಸಾಲಲಿಲ್ಲ. ಒಂದು ಸಂಜೆ ಹರಟೆ ಮುಗಿದು ಎಲ್ಲರೂ ಎದ್ದರು. ನಾನು ಎದ್ದೆ, ಕಾಲು ಏಳಲಿಲ್ಲ. ಚಪ್ಪಲಿ ಹುಡುಕುವವನಂತೆ ನಟಿಸಿ, ಎಲ್ಲರೂ ಹೋದ ಮೇಲೆ ನನಗೆ ನಾನೇ ಪಿಸುಮಾತಿನಲ್ಲಿ ಆಜ್ಞೆ ಕೊಟ್ಟುಕೊಂಡು ಮನೆ ಸೇರಿದೆ. ಊರ ಹುಡುಗರಿಗೆಲ್ಲ ಹೆಜ್ಜೆ ಕಲಿಸಿದವನಿಗೆ ಹೆಜ್ಜೆ ಬರುವುದಿಲ್ಲ ಎಂಬುದು ಇವರಿಗೆ ಗೊತ್ತಾಗಬಾರದು ಎಂದು ಅವತ್ತೇ ನಿಶ್ಚಯಿಸಿದೆ. ಮರುದಿನದಿಂದ ಸಂಜೆ ಅಡ್ಡಾಡಲು ಹೊರಟರೆ ನಿಲ್ಲುವುದೇ ಇಲ್ಲ. ನಡುಗುವ ಕೈಯನ್ನು ಕೋಟಿನ ಜೇಬಿನಲ್ಲಿ ಇಟ್ಟುಕೊಂಡು, ಕರೆದರೂ ಕೇಳದವನಂತೆ, ಕಟ್ಟೆಯ ಮುಂದೆಯೇ ದಡದಡ ಹೋಗಿಬಿಡುತ್ತಿದ್ದೆ. ನಕ್ಕಾದರೂ ಹೋಗಬಹುದಿತ್ತು. ಆದರೆ ಈ ರೋಗ ಮುಖವನ್ನೂ ಬಿಗಿಯುತ್ತದೆ. ಒಳಗೆ ನಕ್ಕದ್ದು ಹೊರಗೆ ಬರುವುದಿಲ್ಲ. ಡ್ರಿಲ್ ಮಾಸ್ತರನ ಮುಖ ಮೊದಲೇ ಹಾಗಿದ್ದುದರಿಂದ ವ್ಯತ್ಯಾಸ ಯಾರಿಗೂ ತಿಳಿಯಲಿಲ್ಲ.

ಕರೆದರೆ ನಿಲ್ಲದವನು, ಚಹಾ ಬೇಡವೆಂದವನು ನಮ್ಮಲ್ಲಿ ರೋಗಿ ಎನಿಸಿಕೊಳ್ಳುವುದಿಲ್ಲ, ಸಿಟ್ಟಾದವನು ಎನಿಸಿಕೊಳ್ಳುತ್ತಾನೆ. ಸಿಟ್ಟಾದವನನ್ನು ಮನೆಗೆ ಹೋಗಿ ರಮಿಸುವುದು ಇಲ್ಲಿಯ ಪದ್ಧತಿ. ಮೊದಲು ಬಂದವನು ಚನ್ನಬಸಪ್ಪ. ಒಂದು ಪೆಂಟಿ ಬೆಲ್ಲ ನನ್ನ ಮುಂದಿಟ್ಟು, ತಲೆ ತಗ್ಗಿಸಿ ಕುಳಿತ.

“ನನ್ನ ತಪ್ಪ ಖರೇರಿ ಮಾಸ್ತರ. ಹಳೇ ತೊಗರಿ ಬ್ಯಾಳಿ ಅದು, ಕುದಿಯಾಂಗಿಲ್ಲಂತ ಗೊತ್ತಿದ್ದೂ ನಿಮಗ ಹಾಕಿ ಕೊಟ್ಟೆ. ಮನಸಿನ್ಯಾಗ ಇಟಗೋಬ್ಯಾಡ್ರಿ.”

ನಾನು ದಂಗಾದೆ. ಇಡೀ ಮಳೆಗಾಲ ಆ ಬೇಳೆಯ ಮುಂದೆ ಒಲೆ ಊದುತ್ತ ಕುಳಿತು, ನನ್ನ ಕೈಯಲ್ಲೇ ಅಡಿಗೆ ಇಲ್ಲ ಎಂದು ತೀರಿಕೊಂಡ ಹೆಂಡತಿಯನ್ನು ನೆನೆಸಿಕೊಂಡಿದ್ದೆ. ನನ್ನ ಮುಖ ಏನನ್ನೂ ತೋರಿಸಲಿಲ್ಲವಾದ್ದರಿಂದ ನಾನಿನ್ನೂ ಕರಗಿಲ್ಲ ಎಂದುಕೊಂಡು ಮರುದಿನ ಹೊಸ ಬೇಳೆಯನ್ನೂ ತಂದ. ಎರಡು ದಿನ ಬಿಟ್ಟು ವಸಂತರಾಯರು ಬಂದರು. ಹೋದ ವರ್ಷ ಕಳೆದೇಹೋಯಿತೆಂದು ನಾನು ಕೈಬಿಟ್ಟಿದ್ದ ಛತ್ರಿ ಅವರ ಕೈಯಲ್ಲಿತ್ತು. ಮಳೆಯಲ್ಲಿ ತಮ್ಮದೆಂದು ಒಯ್ದದ್ದು, ಆಮೇಲೆ ಕೊಡಲು ನಾಚಿಕೆಯಾಗಿ ಇಟ್ಟುಕೊಂಡದ್ದು ಎಂದು ಕೋರ್ಟಿನಲ್ಲಿ ಹೇಳಿಕೆ ಕೊಡುವವರ ಹಾಗೆ ಕ್ರಮವಾಗಿ ಹೇಳಿದರು. ಇಬ್ಬರೂ ಬಂದಾಗಲೆಲ್ಲ ತಾವೇ ಚಹಾ ಮಾಡಿದರು, ಬಹಳ ಹೊತ್ತು ಕುಳಿತರು. ಎಷ್ಟೋ ದಿನದ ಮೇಲೆ ನನ್ನ ಮನೆಯಲ್ಲಿ ಮನುಷ್ಯರ ಧ್ವನಿ ಕೇಳಿತು. ರೋಗದ ಸಂಗತಿ ಹೇಳಿದರೆ ಇದು ನಿಂತುಹೋಗುತ್ತದೆಂದು ನಾನು ಬಾಯಿ ಬಿಡಲಿಲ್ಲ. ಹೂಂ ಎಂದಷ್ಟೇ ಹೇಳಿ, ಸಿಟ್ಟನ್ನು ಸ್ವಲ್ಪ ಉಳಿಸಿಕೊಂಡೆ.

ಬರಬೇಕಾದವನು ಮಾತ್ರ ಬರಲಿಲ್ಲ. ಗುರುಸಿದ್ಧಪ್ಪ. ಬಾಗಿಲು ಸಪ್ಪಳವಾದಾಗಲೆಲ್ಲ ಅವನೇ ಎಂದುಕೊಳ್ಳುತ್ತಿದ್ದೆ. ಕಡೆಗೆ ಒಂದು ಮಧ್ಯಾಹ್ನ, ಮೊಣಕಾಲು ನೋವಿನಿಂದ ಕೋಲೂರಿಕೊಂಡು, ಬರಿಗೈಯಲ್ಲಿ ಬಂದ. ಕೋಲನ್ನು ಗೋಡೆಗೆ ಆನಿಸಿ ಎದುರಿಗೆ ಕುಳಿತ.

“ನಾ ಕುಂತು ವಿಚಾರ ಮಾಡೇನಿ,” ಎಂದ. “ನಾ ನಿನಗ ಏನೂ ತಪ್ಪ ಮಾಡಿಲ್ಲ. ನೀ ಸುಮ್ಮಸುಮ್ಮನ ಸಿಟ್ಟಾಗೂ ಮನಷ್ಯಾನೂ ಅಲ್ಲ. ಅಂದ್ರ ನಿನಗ ಏನೋ ಆಗೇದ. ಏನಾಗೇದ ಹೇಳು.”

ಗಣಿತದವನಲ್ಲವೇ. ನನ್ನ ಉತ್ತರಕ್ಕೂ ಕಾಯದೆ ಎದ್ದು ಬಂದು, ಜೇಬಿನಿಂದ ನನ್ನ ಕೈಯನ್ನು ತೆಗೆದು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ಅದು ಅಲ್ಲಿಯೂ ನಡುಗಿತು. ಹೆಂಡತಿ ಹೋದ ಮೇಲೆ ನನ್ನನ್ನು ಯಾರೂ ನಿನಗೇನಾಗಿದೆ ಎಂದು ಕೇಳಿರಲಿಲ್ಲ. ನಾನು ಅತ್ತುಬಿಟ್ಟೆ. ಮುಖ ಬಿಗಿದಿದ್ದರೂ ಕಣ್ಣೀರಿಗೆ ಅಡ್ಡಿಯಿಲ್ಲವೆಂಬುದು ಅವತ್ತು ತಿಳಿಯಿತು. ಕಾಲು, ಕೈ, ಎದೆ ಎಲ್ಲದರ ಕಥೆಯನ್ನೂ ಹೇಳಿದೆ. ಇದನ್ನು ಕಟ್ಟೆಗೆ ಹೇಳಲೇಬೇಕು ಎಂದು ಅವನು ಹಟ ಹಿಡಿದ. ನಾನು ಹೂಂ ಅಂದೆ.

ಎಲ್ಲವೂ ಸರಿಹೋಯಿತು ಎಂದು ನೀವು ತಿಳಿಯುತ್ತೀರಿ. ನಾನೂ ಹಾಗೆಯೇ ತಿಳಿದಿದ್ದೆ. ಮರುದಿನ ಸಂಜೆ ಕಟ್ಟೆಯ ಹತ್ತಿರ ಬರುತ್ತಿದ್ದಂತೆ ಹರಟೆ ಥಟ್ಟನೆ ನಿಂತಿತು. ಚನ್ನಬಸಪ್ಪ ದಾರಿಗೆ ಅಡ್ಡವಾಗಿದ್ದ ಜೋಳದ ಚೀಲವನ್ನು ಸರಸರನೆ ಎಳೆದ. ಸೈಕಲ್ಲಿನವನೊಬ್ಬ ಇಳಿದು ಬದಿಗೆ ನಿಂತ. ನನ್ನನ್ನು ಮಾತನಾಡಿಸಲು ಬಾಯಿ ತೆರೆದ ಯಾರನ್ನೋ ವಸಂತರಾಯರು ತಡೆದದ್ದು ನನ್ನ ಕಿವಿಗೆ ಬಿತ್ತು.

“ಮಾತಾಡಸಬ್ಯಾಡ್ರಿ ಅವರನ್ನ. ನಿಂತ್ರ ಕಾಲ ಹಿಡಕೋತಾವಂತ. ಹೋಗಲಿ ಬಿಡ್ರಿ ಪಾಪ.”

ನಾನು ಹೋದೆ. ಮರುದಿನವೂ ಹೋದೆ. ಓಣಿಯ ಉದ್ದಕ್ಕೂ ಜನ ದಾರಿ ಬಿಟ್ಟು, ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಇಷ್ಟು ಮರ್ಯಾದೆ ಕಲೆಕ್ಟರರಿಗೂ ಸಿಗಲಾರದು. ಎಲ್ಲಿಗೆ ಹೊರಟಿರಿ ಎಂದು ಒಬ್ಬರೂ ಕೇಳುವುದಿಲ್ಲ. ರಮಿಸಲು ಬರುವವರೂ ಇಲ್ಲ, ಏಕೆಂದರೆ ನಾನು ಸಿಟ್ಟಾಗಿಯೇ ಇಲ್ಲವಲ್ಲ. ಗುರುಸಿದ್ಧಪ್ಪ ನನ್ನ ಜೊತೆ ಅಡ್ಡಾಡುವೆನೆಂದು ಬಂದ. ಅವನ ಮೊಣಕಾಲು, ನನ್ನ ಓಟ, ಎರಡೂ ಕೂಡಲಿಲ್ಲ. ಕಟ್ಟೆಯ ತನಕ ಬರುವುದೇ ಅವನಿಗೆ ಸಾಹಸ. ಹೀಗಾಗಿ ಆರೋಗ್ಯದ ದೃಷ್ಟಿಯಿಂದ ನನ್ನದು ಬಹಳ ಉತ್ತಮ ವಾಯುಸೇವನೆ. ಡಾಕ್ಟರರು ನಾಡಿ ಹಿಡಿದು ನೋಡಿ, ಸುಧಾರಣೆ ಇದೆ, ಹೀಗೆಯೇ ಇರಲಿ ಎಂದರು. ಹೀಗೆಯೇ ಇದ್ದರೆ ನಾನು ಗಟ್ಟಿಮುಟ್ಟಾಗಿ, ಒಂದು ಮಾತೂ ಇಲ್ಲದೆ ಬಹಳ ದಿನ ಬದುಕುತ್ತೇನೆ ಎಂದು ಹೆದರಿಕೆಯಾಯಿತು.

ನಿನ್ನೆ ಸಂಜೆ ಕಟ್ಟೆಯ ಮುಂದೆ ಬರುವಷ್ಟರಲ್ಲಿ ಯಾವುದೋ ಮಾತಿಗೆ ಅಲ್ಲಿ ಎಲ್ಲರೂ ನಗುತ್ತಿದ್ದರು. ನನ್ನನ್ನು ಕಂಡು ನಗು ನಿಂತಿತು. ನಾನೂ ನಿಂತುಬಿಟ್ಟೆ. ಅಯ್ಯೋ, ಕಾಲು ಹಿಡಿದವು ಎಂದು ಎಲ್ಲರೂ ಎದ್ದು ಬಂದರು. ಒಬ್ಬರು ರಟ್ಟೆ ಹಿಡಿದರು, ಒಬ್ಬರು ಬೆನ್ನಿಗೆ ಕೈ ಕೊಟ್ಟರು, ನನ್ನನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ಹೋಗಿ ಕಟ್ಟೆಯ ಮೇಲೆ ಕೂರಿಸಿದರು. ಚಹಾ ಬಂತು. ಬಸಿ ತುಳುಕಿದ್ದನ್ನು ಯಾರೂ ನೋಡಲಿಲ್ಲ, ಅಥವಾ ನೋಡದವರಂತೆ ಇದ್ದರು. ನಿಂತಿದ್ದ ಮಾತು ಮತ್ತೆ ಶುರುವಾಯಿತು, ಕಾರ್ಪೊರೇಷನ್ನಿಗೆ ಬಂತು, ಹುಬ್ಬಳ್ಳಿಯವರನ್ನು ನಾನೂ ನಾಲ್ಕು ಮಾತು ಬೈದೆ. ಕತ್ತಲಾಗುತ್ತ ಬಂದಾಗ ಹೊರಡಬೇಕೆಂದು ಅಲ್ಲಾಡಿದೆ. ಪಕ್ಕದಲ್ಲಿದ್ದ ಗುರುಸಿದ್ಧಪ್ಪ ನನ್ನ ಕಿವಿಯ ಹತ್ತಿರ ಬಾಗಿದ.

“ಇಷ್ಟ ಲಗೂ ಹ್ಯಾಂಗ ಬಿಟ್ಟಾವು ನಿನ್ನ ಕಾಲು? ಇನ್ನೊಂದ ಸ್ವಲ್ಪ ಹಿಡಕೊಂಡಿರಲಿ. ಕುಂದ್ರು.”

ನಾನು ಕುಳಿತೆ. ಡ್ರಿಲ್ ತಪ್ಪಿಸಿಕೊಳ್ಳಲು ಸುಳ್ಳೇ ಕುಂಟುತ್ತ ಬಂದ ಹುಡುಗರನ್ನು ಕಂಡುಹಿಡಿದು, ಕಿವಿ ಹಿಂಡಿ ಮೈದಾನಕ್ಕೆ ಅಟ್ಟುವುದರಲ್ಲಿ ನನ್ನಂಥ ಮಾಸ್ತರ ಈ ಜಿಲ್ಲೆಯಲ್ಲಿ ಇನ್ನೊಬ್ಬನಿರಲಿಲ್ಲ. ಪುಣ್ಯಕ್ಕೆ ಆ ಹೊತ್ತಿನಲ್ಲಿ ಅವರಲ್ಲಿ ಒಬ್ಬನೂ ಆ ದಾರಿಯಾಗಿ ಬರಲಿಲ್ಲ.