ದೇಗು ತಡೆದ ತಪಾಸಕರಿಗೆ

ಕೊಟ್ಟೂರು, ಶನಿವಾರ

ಮಾನ್ಯ ಆವೃತ್ತಿ ತಪಾಸಕರೇ,

ಊಟ, ನಿದ್ದೆ, ಬೀಗರು ಯಾವುದರ ಕಾಟವೂ ಇಲ್ಲದ ತಾವು ಕ್ಷೇಮವಾಗಿಯೇ ಇರುತ್ತೀರೆಂದು ನಂಬಿ, ಕುಶಲ ಕೇಳುವ ಶಾಸ್ತ್ರವನ್ನು ಇಲ್ಲಿಗೇ ಮುಗಿಸುತ್ತೇನೆ.

ನಾನು ಕೊಟ್ಟೂರಿನ ಪಾತ್ರೆ ಕೋಣೆಯನ್ನು ಮೂವತ್ತೆಂಟು ವರ್ಷಗಳಿಂದ ನೋಡಿಕೊಂಡು ಬಂದವನು. ಮದುವೆ, ತೊಟ್ಟಿಲು, ತಿಥಿಗಳಿಗೆ ಬೇಕಾಗುವ ಹಂಡೆ, ಕೊಪ್ಪರಿಗೆಗಳನ್ನೂ ಬಿರಿಯಾನಿ ಬೇಯಿಸುವ ದೇಗುಗಳನ್ನೂ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಕೋಣೆಗಳು ಒಂದಕ್ಕೊಂದು ಎರವಲು ಕೊಡುವ ಪದ್ಧತಿ ನಮ್ಮಲ್ಲಿ ಹಳೆಯದು. ಯಾವ ಪಾತ್ರೆ ಎಲ್ಲಿ ಹೋಗಿದೆಯೆಂಬುದನ್ನು ಮೊದಲು ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆಯುತ್ತಿದ್ದೆವು. ಸುಣ್ಣ ಬಳಿದ ವರ್ಷಗಳಲ್ಲಿ ಮಾತ್ರ ಕೊಂಚ ತೊಂದರೆಯಾಗುತ್ತಿತ್ತು. ಈಗ ಐದೂ ಊರಿಗೆ ಸೇರಿ ಒಂದೇ ತಂತ್ರಾಂಶ. ಊರಿಗೊಂದು ಭಾಗ, ಕೋಡೆಲ್ಲ ಒಂದೇ ಕಣಜದಲ್ಲಿ, ಹೋದ ವಾರದಿಂದ ಕಣಜದ ಬಾಗಿಲಲ್ಲಿ ಕಾವಲು ಕೂತ ಯಂತ್ರ ತಾವು.

ತಂತ್ರಾಂಶವೂ ನಮ್ಮ ಹಾಗೆ ಎರವಲಿನ ಮೇಲೆಯೇ ಬದುಕುತ್ತದೆಂದು ತಿಳಿದು ನನಗೆ ಸಂತೋಷವೇ ಆಯಿತು. ತಾರೀಖು ಎಣಿಸಲು ಎಲ್ಲಿಯೋ ಯಾರೋ ಬರೆದಿಟ್ಟ ಪ್ಯಾಕೇಜೊಂದನ್ನು ನಮ್ಮವರು ತಂದು ಬಳಸುತ್ತಾರೆ. ಅದಕ್ಕೆ ಆಗಾಗ ಹೊಸ ಆವೃತ್ತಿ ಬರುತ್ತದೆ. ಐದೂ ಊರಿನವರು ಒಂದೇ ಆವೃತ್ತಿ ಬಳಸುತ್ತಿದ್ದಾರೆಯೇ ಎಂದು ನೋಡಿ, ಇಲ್ಲವಾದರೆ ಯಾವ ಬದಲಾವಣೆಯನ್ನೂ ಒಳಗೆ ಬಿಡದಿರುವುದು ತಮ್ಮ ಧರ್ಮ. ಧರ್ಮ ದೊಡ್ಡದು. ಆದರೆ ನಾಳೆ ಭಾನುವಾರ ನಮ್ಮ ಲೇಥ್ ಮೆಕ್ಯಾನಿಕ್ ಹಸನ್ ಸಾಬರ ಮಗಳು ನಿಶಾತಳ ಮದುವೆ.

ಸೋಮವಾರ ನಮ್ಮ ಊರಿನ ಭಾಗದ ಕೋಡ್ ಬರೆಯುವ ಪರ್ವೀನ್ ಒಂದು ಎಡವಟ್ಟನ್ನು ಪತ್ತೆ ಹಚ್ಚಿದಳು. ಕೂಡ್ಲಿಗಿಯವರಲ್ಲಿದ್ದ ಹಳೆಯ ೩.೧ನೇ ಆವೃತ್ತಿ ಶನಿವಾರ ಸಂಜೆಗೆ ಹೊರಟ ಪಾತ್ರೆ ಶನಿವಾರವೇ ಮರಳಿತೆಂದು ಎಣಿಸಿ, ನಿಶಾತಳಿಗೆಂದು ಇಟ್ಟಿದ್ದ ಎರಡು ದೇಗುಗಳನ್ನು ಅದೇ ಭಾನುವಾರ ಹಂಪಸಾಗರದ ಮುಬಶ್ಶಿರನ ಮದುವೆಯ ನಂತರ ಗಂಡಿನ ಕಡೆಯವರು ಹಾಕಿಸುವ ವಲೀಮಾ ಊಟಕ್ಕೂ ಬರೆದುಬಿಟ್ಟಿತ್ತು. ಪರ್ವೀನ್ ಅರ್ಧ ಗಂಟೆಯಲ್ಲಿ ತಿದ್ದುಪಡಿ ಬರೆದಳು. ಅದು ಒಳಗೆ ಹೋದರೆ ತಂತ್ರಾಂಶವೇ ಐದೂ ಊರು ಹುಡುಕಿ ಬಿಡುವಾಗಿರುವ ಬೇರೆ ದೇಗು ಗೊತ್ತುಮಾಡುತ್ತಿತ್ತು. ತಾವು ತಡೆದಿರಿ. ನಾಲ್ಕು ಊರು ೩.೪ರಲ್ಲಿ, ಕೂಡ್ಲಿಗಿ ೩.೧ರಲ್ಲಿ, ಪ್ರವೇಶವಿಲ್ಲ.

ತಮ್ಮನ್ನು ಒಂದು ದಿನದ ಮಟ್ಟಿಗೆ ಬಾಗಿಲಿನಿಂದ ಎಬ್ಬಿಸಿಬಿಡು ಎಂದು ಹೇಳಿದವನು ನಾನೇ, ಮುಚ್ಚಿಡುವುದಿಲ್ಲ. ಪರ್ವೀನ್ ಒಪ್ಪಲಿಲ್ಲ. “ಯಜಮಾನ್ರ, ಹಂಗ ಬಿಟ್ರ ದೇಗು ಬರಂಗಿಲ್ರಿ, ಇನ್ನೊಂದು ಜಗಳ ಬರ್ತೈತಿ” ಎಂದಳು.

ಇನ್ನು ನಮ್ಮವರ ಸಭ್ಯತೆಯ ಕಥೆ. ಮೊನ್ನೆ ಮೊನ್ನೆಯವರೆಗೆ ಕೊಟ್ಟೂರು ಕೂಡ್ಲಿಗಿ ತಾಲ್ಲೂಕಿನಲ್ಲೇ ಇದ್ದುದರಿಂದ, ಹಿರಿಯ ಊರಿನವರಿಗೆ ‘ನೀವೇ ಬದಲಾಗಿ’ ಎನ್ನುವುದು ಹೇಗೆಂದು ಯೋಚಿಸಿದ ಪರ್ವೀನ್, ಉಳಿದ ಊರುಗಳನ್ನೂ ಒಪ್ಪಿಸಿ, ತಿದ್ದುಪಡಿಯನ್ನು ಹಳೆಯದಕ್ಕೆ ಒಗ್ಗಿಸಿ, ನಾಲ್ಕೂ ಭಾಗಗಳನ್ನು ೩.೧ಕ್ಕೆ ಇಳಿಸಿ ಬುಧವಾರ ಕಳಿಸಿದಳು. ಪರ್ವೀನಕ್ಕನಿಗೆ ತನ್ನಿಂದ ತೊಂದರೆಯಾಗಬಾರದೆಂದು ಕೂಡ್ಲಿಗಿ ಭಾಗದ ಕೋಡ್ ಬರೆಯುವ ಪ್ರವೀಣಕುಮಾರ್ ಹತ್ತು ನಿಮಿಷ ಮೊದಲೇ ೩.೪ಕ್ಕೆ ಏರಿ ಒಳಗೆ ಕೂತಿದ್ದ. ಹೇಳಿ ಮಾಡಿದರೆ ಉಪಕಾರ ಹೊರಿಸಿದಂತಾಗುತ್ತದೆಂದು ಇಬ್ಬರೂ ಹೇಳಿರಲಿಲ್ಲ. ಈ ಸಲ ಕೂಡ್ಲಿಗಿ ೩.೪, ಉಳಿದವು ೩.೧ ಎಂದು ತಾವು ಪರ್ವೀನಳನ್ನು ತಡೆದಿರಿ. ಅಕ್ಕನನ್ನು ಹೊರಗೆ ನಿಲ್ಲಿಸಿ ತಾನು ಒಳಗೆ ಕೂತೆನಲ್ಲಾ ಎಂದು ನಾಚಿದ ಪ್ರವೀಣಕುಮಾರ್ ಗುರುವಾರ ಮತ್ತೆ ೩.೧ಕ್ಕೆ ಇಳಿಯಲು ಹೋದ, ಅವನನ್ನೂ ತಡೆದಿರಿ. ಆಮೇಲೆ ನೀವು ಮೊದಲು ಹೋಗಿ, ನೀವು ಮೊದಲು ಹೋಗಿ ಎಂದು ಇಬ್ಬರೂ ಬಾಗಿಲ ಹೊರಗೇ ನಿಂತರು.

ಶುಕ್ರವಾರ ಬೆಳಿಗ್ಗೆ ಹಸನ್ ಸಾಬರು ನನ್ನ ಮುಂದೆ ಬಂದು ಕೂತರು. ಅವರು ಸಿಟ್ಟಾಗಲಿಲ್ಲ, ಅದರಿಂದಲೇ ನನಗೆ ಹೆಚ್ಚು ನೋವಾಯಿತು. “ಅಕ್ಕಿ ಬಂದೈತ್ರಿ. ಬೇಸಾಕ ಯಾವ ಆವೃತ್ತಿ ದೇಗು ಬರ್ತೈತಿ ಅಂತ ನಿಮ್ಮ ಮಿಷನ್ನಿಗೆ ಒಂದು ಮಾತು ಕೇಳ್ರಿ” ಎಂದರು.

ಕೇಳಿದೆವು. ಆಗ ತಿಳಿದದ್ದೇನೆಂದರೆ, ಪ್ರವೀಣಕುಮಾರ್ ಏರಿದ ಬುಧವಾರದಿಂದಲೇ ಐದೂ ಊರು ೩.೪ರಲ್ಲಿದ್ದವು, ಸೋಮವಾರದ ತಿದ್ದುಪಡಿಯನ್ನು ಹಾಗೇ ಇನ್ನೊಮ್ಮೆ ಕಳಿಸಿದ್ದರೆ ಸಾಕಿತ್ತು. ಪರ್ವೀನ್ ಕಳಿಸಿದಳು, ತಾವು ನಾಲ್ಕು ಸೆಕೆಂಡಿನಲ್ಲಿ ಬಿಟ್ಟಿರಿ. ನನ್ನ ದೂರು ಇಷ್ಟೇ: ಹೊಂದದಿದ್ದಾಗ ಕೆಂಪಕ್ಷರದಲ್ಲಿ ಕೂಗಿ ಹೇಳುವ ತಾವು, ಹೊಂದಿದ ಮೇಲೆ ಎರಡು ದಿನ ಬಾಯಿ ಬಿಡದೆ ಕೂತದ್ದು ಯಾವ ಸೀಮೆಯ ಸೌಜನ್ಯ?

ಇಷ್ಟು ನಿಷ್ಠೆಯ ತಮ್ಮನ್ನು ಪಾತ್ರೆ ಕೋಣೆಯಲ್ಲೇ ಇಟ್ಟುಕೊಳ್ಳುವುದು ನಾಡಿಗೆ ನಷ್ಟ. ದಯವಿಟ್ಟು ಹರಪನಹಳ್ಳಿಯ ಆವೃತ್ತಿಗಳನ್ನೊಮ್ಮೆ ತಪಾಸಣೆ ಮಾಡಿ: ನಾನು ಕಂಡಂತೆ ಬಳ್ಳಾರಿ, ದಾವಣಗೆರೆ, ಮತ್ತೆ ಬಳ್ಳಾರಿ, ಈಗ ವಿಜಯನಗರ, ಊರು ಮಾತ್ರ ಒಂದು ಗೇಣೂ ಸರಿದಿಲ್ಲ. ತೆಲಿಗಿ ಬಸ್ಸಿಗೆ ಬೋರ್ಡಿನಲ್ಲಿ ಒಂದು ವೇಳೆ, ಕಂಡಕ್ಟರನ ಬಾಯಲ್ಲಿ ಇನ್ನೊಂದು. ಎರಡೂ ಹೊಂದುವವರೆಗೆ ಸೂರ್ಯನನ್ನು ತಡೆದು ನಿಲ್ಲಿಸಿ. ಬಿಡುವಾದರೆ ನಮ್ಮ ಮನೆಗೂ ಬನ್ನಿ: ನಾನು ಹೇಳಿದ್ದಕ್ಕೂ ನನ್ನ ಹೆಂಡತಿ ಶಿವಬಸಮ್ಮ ಕೇಳಿಸಿಕೊಂಡದ್ದಕ್ಕೂ ನಲವತ್ತು ವರ್ಷಗಳಿಂದ ಆವೃತ್ತಿ ಹೊಂದಿಲ್ಲ.

ಹಳೆಯ ಆವೃತ್ತಿಯಲ್ಲೇ ಉಳಿದು, ತಮ್ಮ ಕಣ್ಣು ತಪ್ಪಿಸಿ ಬದುಕಿರುವ
ತಮ್ಮ ವಿಶ್ವಾಸಿ,
ಶಿವಯೋಗಪ್ಪ
ಪಾತ್ರೆ ಕೋಣೆ, ಕೊಟ್ಟೂರು

ತಾ.ಕ.: ತಂತ್ರಾಂಶ ಗೊತ್ತುಮಾಡಿದ ಹರಪನಹಳ್ಳಿಯ ದೇಗುಗಳು ವಲೀಮಾ ಊಟಕ್ಕೆ ಇಂದು ಮಧ್ಯಾಹ್ನ ಹಂಪಸಾಗರ ಮುಟ್ಟಿದವು, ನಮ್ಮವು ಹಸನ್ ಸಾಬರ ಅಂಗಳದಲ್ಲಿ ಒಲೆಯ ಮೇಲಿವೆ. ತಮ್ಮನ್ನೂ ಕರೆಯಬೇಕೆಂದು ಅವರು ಹೇಳಿದ್ದಾರೆ. ಹೆಣ್ಣಿನ ಕಡೆಯ ಕಾರ್ಡಿನಲ್ಲಿ ಹನ್ನೊಂದು ಗಂಟೆ, ಗಂಡಿನ ಕಡೆಯ ಕಾರ್ಡಿನಲ್ಲಿ ಹನ್ನೆರಡೂವರೆ ಎಂದು ಅಚ್ಚಾಗಿದೆ. ಬನ್ನಿ, ಆದರೆ ಬಾಗಿಲಲ್ಲಿ ಮಾತ್ರ ನಿಲ್ಲಬೇಡಿ. ನಮ್ಮಲ್ಲಿ ಬಂದವರನ್ನೆಲ್ಲ ಒಳಗೆ ಬಿಟ್ಟು, ಉಣ್ಣಿಸಿದ ಮೇಲೆಯೇ ಯಾರ ಕಡೆಯವರೆಂದು ಕೇಳುವುದು.