ತಿಪ್ಪೇಸ್ವಾಮಿ ಕೂತಿದ್ದ ಕ್ಯಾಸೆಟ್ಟು

ಹುರಿದ ಶೇಂಗಾವನ್ನು ಮೊರಕ್ಕೆ ಹಾಕಿಕೊಂಡು ಸಿಪ್ಪೆ ಕೇರುತ್ತಿದ್ದೆ. ಪಕ್ಕದ ಮನೆಯ ಸುನಂದಮ್ಮ ಕಾಂಪೌಂಡಿನ ಮೇಲಿಂದ ತಲೆ ಹಾಕಿ ಕೂಗಿದರು.

"ಏ ಗಿರಿಜಾ, ಓಡಿ ಬಾರೇ! ನಿನ್ ತಮ್ಮಂದು ಫೋನು, ಸಮುದ್ರದ ಆಚೆಯಿಂದ!"

ಆಗ ಚಳ್ಳಕೆರೆಯ ನಮ್ಮ ಓಣಿಗೆಲ್ಲ ಅವರದೊಂದೇ ಫೋನು. ಸೆರಗಿನ ಸಿಪ್ಪೆ ಕೊಡವದೆ ಓಡಿದೆ.

"ಅಕ್ಕಾ, ಶುಕ್ರವಾರಕ್ಕೆ ನಾನು ಬರಕ್ಕಾಗಲ್ಲ," ಎಂದ ತಿಪ್ಪೇಸ್ವಾಮಿ. "ನಮ್ ಟೀಮು ಸೆಮಿಫೈನಲ್‌ಗೆ ಬಂದೈತೆ. ಕ್ಲಬ್‌ನೋರು ಬಿಡ್ತಿಲ್ಲ."

ಶುಕ್ರವಾರವೇ ಮೊಳಕಾಲ್ಮೂರಿನಿಂದ ಹೆಣ್ಣಿನ ಕಡೆಯವರು ಬರುವವರಿದ್ದರು. ಹುಡುಗಿಯನ್ನು ನಾವು ನೋಡಿ ಒಪ್ಪಿಯಾಗಿತ್ತು. ಅವರು ಗಂಡನ್ನು ನೋಡುವುದೊಂದು ಬಾಕಿ.

ನನ್ನ ತಮ್ಮನಿಗೆ ಆಗ ಮೂವತ್ತೊಂದು. ಹನ್ನೆರಡನೇ ವಯಸ್ಸಿಗೆ ಕ್ರೀಡಾ ಹಾಸ್ಟೆಲಿಗೆ ಸೇರಿ, ಬೆಂಗಳೂರಿನಲ್ಲೊಂದು ಫುಟ್‌ಬಾಲ್ ಟೀಮಿಗೆ ಆಡಿ, ಗೋವಾಕ್ಕೆ ಹೋಗಿ, ಕಲ್ಕತ್ತಕ್ಕೆ ಹೋಗಿ, ಆಮೇಲೆ ಬಾಂಗ್ಲಾದೇಶ, ಈಗ ಮಾಲ್ಡೀವ್ಸ್. ಎಲ್ಲ ಕಡೆಯೂ ಒಂದು ವರ್ಷದ ಒಪ್ಪಂದ. ಮುಗಿದರೆ ಬ್ಯಾಗು ಹೊತ್ತು ಮುಂದಿನೂರು. ನನ್ನ ವಿಳಾಸದ ಪುಸ್ತಕದಲ್ಲಿ 'ತ' ಅಕ್ಷರದ ಪುಟ ಅವನೊಬ್ಬನಿಗೇ ಸಾಲದೆ 'ದ'ಕ್ಕೂ 'ನ'ಕ್ಕೂ ಹರಿದಿತ್ತು. ಪೇಪರಿನಲ್ಲಿ ಅವನ ಫೋಟೋ ಬಂದದ್ದಿಲ್ಲ. ಆದರೂ ನಮ್ಮ ಓಣಿಯ ಕಲ್ಲುಗಳ ನಡುವೆ ಚಿಂದಿಬಟ್ಟೆಯ ಚೆಂಡು ಒದ್ದ ಕಾಲು ಸಮುದ್ರ ದಾಟಿತಲ್ಲ ಎಂದು ನೆನೆದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತಿತ್ತು. ಸಂಜೆ ದೀಪ ಹಚ್ಚುವಾಗ ಅವನ ಎರಡು ಮೊಣಕಾಲಿಗೆಂದು ಎರಡು ಬತ್ತಿ ಹೆಚ್ಚಿಗೆ ಇಡುತ್ತಿದ್ದೆ. ಹತ್ತೊಂಬತ್ತು ವರ್ಷ ಎರಡೂ ಮುರಿಯದೆ ಉಳಿದಿವೆ. ಇನ್ನೇನು ಬೇಕು?

ಹೆಣ್ಣು ಬೇಕಿತ್ತು! ನಾಲ್ಕು ಸಂಬಂಧ ಬಂದು ನಾಲ್ಕೂ ಒಂದೇ ಪ್ರಶ್ನೆಗೆ ಮುರಿದಿದ್ದವು. "ಚೆಂಡಾಡ್ತಾನೆ, ಸರಿ. ಕೆಲ್ಸ ಏನ್ ಮಾಡ್ತಾನೆ?"

ಐದನೆಯವರು ಈರಣ್ಣನವರು, ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವರು. ನಮ್ಮಪ್ಪನ ಮನೆಯೂ ಮೂಲದಲ್ಲಿ ಮಗ್ಗದ ಮನೆಯೇ. ಅವರು ಮಾತ್ರ ಆ ಪ್ರಶ್ನೆ ಕೇಳದೆ, "ಆ ಕೆಲ್ಸ ಹೆಂಗಿರ್ತೈತೆ ಅಂತ ಒಂದ್ಸಲ ಕಣ್ಣಾರೆ ನೋಡ್ಬೇಕಲ್ಲಮ್ಮ," ಎಂದಿದ್ದರು.

"ಅದಕ್ಕೇನಂತೆ?" ಎಂದ ತಿಪ್ಪೇಸ್ವಾಮಿ ಫೋನಿನಲ್ಲಿ. "ಎರಡು ಕ್ಯಾಸೆಟ್ ಕಳಿಸಿದ್ನಲ್ಲಕ್ಕ. ಕೆಂಪು ಚೀಟಿ ಅಂಟಿಸಿರೋದನ್ನ ಹಾಕು. ಅದ್ರಲ್ಲಿ ಪೂರ್ತಿ ಆಡಿದೀನಿ. ಇನ್ನೊಂದನ್ನ ಮಾತ್ರ ಹಾಕ್ಬೇಡ!"

"ನಾನೇನ್ ದಡ್ಡೀನೇನೋ? ನೀನು ಆಟ ನೋಡ್ಕೋ. ಮದುವೆ ನಾನು ನೋಡ್ಕೊಂತೀನಿ!"

ಎಂಥ ಧೈರ್ಯ! ಮನೆಗೆ ಬಂದು ದೇವರ ಗೂಡಿನಿಂದ ಕ್ಯಾಸೆಟ್ಟುಗಳನ್ನು ತೆಗೆದೆ. ಎರಡೂ ಕಪ್ಪಗೆ, ಜೋಡಿ ಎಮ್ಮೆಗಳ ಹಾಗೆ ಒಂದೇ ಥರ. ಕೆಂಪು ಚೀಟಿ ಎಲ್ಲಿ? ಆಗ ನೆನಪಾಯಿತು. ಆಯುಧಪೂಜೆಯ ದಿನ ಮನೆಯವರ ಸೈಕಲ್ಲು, ನನ್ನ ಹೊಲಿಗೆ ಮಿಷನ್ನಿನ ಜೊತೆಗೆ, ತಮ್ಮನ ಅನ್ನದ ಆಯುಧವೆಂದು ಇವೆರಡನ್ನೂ ಇಟ್ಟಿದ್ದೆ. ಮೊದಲು ಒದ್ದೆಬಟ್ಟೆಯಲ್ಲಿ ಚೆನ್ನಾಗಿ ಉಜ್ಜಿ ಶುಚಿ ಮಾಡಿದ್ದೆ. ಆಮೇಲೆ ಮೂರೆಳೆ ವಿಭೂತಿ ಬಳಿದು ಕುಂಕುಮ ಇಟ್ಟಿದ್ದೆ. ಚೀಟಿ ನೀರುಪಾಲಾಗಿತ್ತು.

ಮೊದಲೇ ಹಾಕಿ ನೋಡೋಣವೆಂದರೆ ನಮ್ಮಲ್ಲಿ ಟಿ.ವಿ.ಯೇ ಇಲ್ಲ. ಬಾಡಿಗೆಯ ಟಿ.ವಿ., ಕ್ಯಾಸೆಟ್ಟು ಓಡಿಸುವ ವಿ.ಸಿ.ಪಿ. ಬರುವುದೇ ಶುಕ್ರವಾರ. ಬೇರೆ ದಾರಿ ಕಾಣದೆ ದೇವರ ಮೊರೆ ಹೋದೆ. ಕ್ಯಾಸೆಟ್ಟುಗಳನ್ನು ಎಡಕ್ಕೊಂದು ಬಲಕ್ಕೊಂದು ಇಟ್ಟು, ದೇವರ ಪಟದ ಮೇಲೆ ಎರಡೂ ಕಡೆ ಹೂವೇರಿಸಿ, "ಯಾವ ಕಡೆ ಹೂವು ಬೀಳುತ್ತದೋ ಅದನ್ನೇ ಹಾಕುತ್ತೇನೆ ಸ್ವಾಮಿ," ಎಂದು ಕೈಮುಗಿದು ಕೂತೆ. ಅರ್ಧ ಗಂಟೆ ಕಳೆದರೂ ಏನೂ ಬೀಳಲಿಲ್ಲ. ಅಷ್ಟರಲ್ಲಿ ಎಣ್ಣೆ ಮಿಲ್ಲಿನಿಂದ ಬಂದ ನಮ್ಮ ಮನೆಯವರು ಬಾಗಿಲನ್ನು ಧಡಾರನೆ ತಳ್ಳಿದರು. ಬಲಗಡೆಯ ಹೂವು ಉದುರಿತು. ದೇವರು ಯಾರ ಕೈಯಲ್ಲಾದರೂ ಕೆಲಸ ಮಾಡಿಸಿಯಾನು ಎಂದು ಒಪ್ಪಿಕೊಂಡೆ.

ಶುಕ್ರವಾರ ಈರಣ್ಣನವರು ತಮ್ಮ ತಾಯಿಯನ್ನು ಕರೆದುಕೊಂಡು ಬಸ್ಸಿಳಿದರು. ಅಜ್ಜಿಗೆ ಎಂಬತ್ತರ ಹತ್ತಿರ. ಕಣ್ಣು ಮಾತ್ರ ಸೂಜಿಗೆ ದಾರ ಪೋಣಿಸುವಷ್ಟು ಚುರುಕು. ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ಅವರು ಕಾಫಿ ಕುಡಿದು ಮುಗಿಸಿದ ಮೇಲೆ ನಮ್ಮ ಮನೆಯವರು ಟಿ.ವಿ.ಯನ್ನು ಸೈಕಲ್ಲಿನ ಮೇಲೆ ತಳ್ಳಿಕೊಂಡು ಬಂದರು. ಕ್ಯಾಸೆಟ್ಟು ಹಾಕಿದರೆ ಪರದೆಯ ತುಂಬ ಜೋಳದ ಹಿಟ್ಟು ಜರಡಿ ಹಿಡಿದಂಥ ಚಿತ್ರ!

"ಏನೇ ಇದು, ಒಳಗೆಲ್ಲ ವಿಭೂತಿ!" ಎಂದರು ಇವರು.

"ಪೂಜೆ ಮಾಡಿದ್ದೆ ಕಣ್ರೀ."

"ಎಣ್ಣೆ ಸ್ನಾನ ಒಂದು ಮಾಡ್ಸಿಲ್ಲ, ಪುಣ್ಯ!"

ಊದಿ, ತಟ್ಟಿ, ಪಂಚೆಯ ತುದಿಯಿಂದ ಒರೆಸಿ, ನಾಲ್ಕನೇ ಸಲ ಹಾಕಿದಾಗ ಚಿತ್ರ ನಿಂತಿತು. ಕರೆಂಟೂ ಇತ್ತು. ಸಣ್ಣದಾದರೂ ದೇವರ ದಯೆ ದಯೆಯೇ ಎಂದುಕೊಂಡೆ.

ಆಹಾ, ಆ ಹಸಿರು! ನಮ್ಮ ಕಡೆ ಅಂಥ ಹುಲ್ಲಿದ್ದರೆ ಕುರಿಗಳು ಮನೆಗೇ ಬರುತ್ತಿರಲಿಲ್ಲ. ಸುತ್ತ ಸಾವಿರಾರು ಜನ, ಡೋಲು, ಬಾವುಟ. ಹಳದಿ ಅಂಗಿಯ ಹನ್ನೊಂದು ಮಂದಿ ಸಾಲಾಗಿ ಬಂದು ನಿಂತರು. ನಾನು ಎದ್ದುನಿಂತು, ಸಭೆಯಲ್ಲಿ ಸ್ವಾಗತ ಕೋರುವವಳಂತೆ, "ಇದೇ ನಮ್ಮ ತಮ್ಮನ ಟೀಮು," ಎಂದು ಘೋಷಿಸಿದೆ.

"ಇವ್ರಲ್ಲಿ ಪಿಲ್ಲೋಡು, ಅದೇ ನಿಮ್ ಹುಡ್ಗ, ಯಾರಮ್ಮ?" ಎಂದರು ಅಜ್ಜಿ.

ನೋಡಿದೆ. ಇನ್ನೊಮ್ಮೆ ನೋಡಿದೆ. ಹನ್ನೊಂದರಲ್ಲಿ ತಿಪ್ಪೇಸ್ವಾಮಿ ಇರಲಿಲ್ಲ! ಹಾಕಬೇಡ ಎಂದಿದ್ದ ಕ್ಯಾಸೆಟ್ಟೇ ಇದು. ನಮ್ಮ ಮನೆಯವರ ಕಿವಿಯಲ್ಲಿ, "ಬದಲಾಯಿಸ್ರೀ," ಎಂದೆ.

"ಈಗ್ಲೇ ಹೆಂಗೋ ಕಚ್ಕೊಂಡೈತೆ ಕಣೇ. ತೆಗುದ್ರೆ ಮತ್ತೆ ಬರಲ್ಲ."

ಅಜ್ಜಿ ಬಿಡಲಿಲ್ಲ. "ಯಾರಮ್ಮ?"

ಅಮ್ಮಾ ತಾಯಿ, ಈ ಸಲ ಒಂದೂ ಸುಳ್ಳು ಹೇಳುವುದಿಲ್ಲವೆಂದು ಅಂದುಕೊಂಡಿದ್ದವಳು ನಾನು. ಆದರೆ ನನ್ನ ಬೆರಳಿಗೆ ಆ ವಿಷಯ ತಿಳಿಸಿರಲಿಲ್ಲ. ಅದು ತಾನೇ ಹೋಗಿ, ಎಣ್ಣೆಗೆಂಪು ಮೈಬಣ್ಣದ, ಗಿಡ್ಡ ಕ್ರಾಪಿನ, ಸುಮಾರಾಗಿ ನಮ್ಮವನನ್ನೇ ಹೋಲುವ ಒಬ್ಬನ ಮೇಲೆ ನಿಂತಿತು. "ಇವನೇ!"

"ಲಕ್ಷಣವಾಗವ್ನೆ," ಎಂದರು ಅಜ್ಜಿ.

ನನ್ನ ಲಕ್ಷಣವಂತ ಚೆನ್ನಾಗಿಯೇ ಆಡಿದ. ಒಂದು ಗಂಟೆಯ ಕಾಲ ನಾನು ಅವನ ಬಾಲ್ಯದ ಕಥೆ ಹೇಳಿದೆ. ಅವನು ಇರುವೆಯನ್ನೂ ನೋಯಿಸುವವನಲ್ಲ, ಎದುರುತ್ತರ ಗೊತ್ತಿಲ್ಲದವನು, ಹಸು! ನನ್ನ ಬಾಯಿ ಮುಚ್ಚುವ ಮೊದಲೇ ಆ ಹಸು ಎದುರಿನವನೊಬ್ಬನ ಎದೆಗೆ ಗುದ್ದಿ, ಅವನನ್ನು ಅಂಗಾತ ಕೆಡವಿ, ಬಿಡಿಸಲು ಬಂದ ರೆಫ್ರಿಯ ಮೇಲೆ ಏರಿಹೋಯಿತು. ರೆಫ್ರಿ ಜೇಬಿನಿಂದ ಕೆಂಪು ಚೀಟಿ ತೆಗೆದು ಎತ್ತಿ ಹಿಡಿದ. ನನ್ನ ಹಸು ಅಂಗಿ ಬಿಚ್ಚಿ ನೆಲಕ್ಕೆಸೆದು, ಕ್ಯಾಮೆರಾದ ಕಡೆಗೇ ಉಗಿದು ಹೊರಟುಹೋಯಿತು.

"ಅಯ್ಯೋ, ನಿನ್ ತಮ್ಮನ್ನ ಹೊರಗ್ ಹಾಕಿದ್ರಲ್ಲಮ್ಮ!" ಎಂದರು ಅಜ್ಜಿ.

ಈರಣ್ಣನವರು ಹೆಗಲ ಮೇಲಿನ ಟವೆಲ್ಲನ್ನು ಸರಿಮಾಡಿಕೊಂಡರು. ಎದ್ದು ಹೊರಡುವವರು ಮಾಡುವ ಹಾಗೆ. ಐದನೆಯದೂ ಹೋಯಿತು! ನಾಲ್ಕನ್ನು ಊರಿನವರು ಕೆಡಿಸಿದ್ದರು, ಇದನ್ನು ಒಡಹುಟ್ಟಿದ ಅಕ್ಕನೇ ಕೆಡಿಸಿದ್ದಳು.

ಅಷ್ಟರಲ್ಲಿ ಕ್ಯಾಮೆರಾ ಮೈದಾನದ ಪಕ್ಕಕ್ಕೆ ತಿರುಗಿತು. ಅಲ್ಲಿ ಬೆಂಚಿನ ಮೇಲೆ, ತೊಡೆಯ ಮೇಲೆ ಕೈಯಿಟ್ಟುಕೊಂಡು, ಗುಡಿಯಲ್ಲಿ ಪ್ರಸಾದಕ್ಕೆ ಕೂತವನಂತೆ ಕೂತಿದ್ದ ನಮ್ಮ ತಿಪ್ಪೇಸ್ವಾಮಿ!

"ಅದು ಅವನಲ್ಲ ಈರಣ್ಣಾರೆ!" ನಾನು ಕಿರುಚಿದೆ. "ತಪ್ಪಾಯ್ತು, ಸುಳ್ಳು ಹೇಳ್ದೆ. ನಮ್ಮೋನು ಇವ್ನು! ಇಲ್ಲಿ ಕೂತವ್ನೆ ನೋಡಿ, ಇವ್ನು!"

ಅಜ್ಜಿ ಟಿ.ವಿ.ಯ ಹತ್ತಿರ ಮುಖ ಒಯ್ದರು. "ಆಗ್ಲಿಂದ ಕೂತೇ ಅವ್ನೆ?"

"ಹ್ಞೂಂ."

"ಸಂಬಳ ಕೊಡ್ತಾರಾ?"

"ಕೊಡ್ತಾರೆ."

"ನೆಳ್ಳಾಗೆ ಕೂರಿಸಿ, ನೀರು ಕೊಟ್ಟು, ಸಂಬಳಾನೂ ಕೊಡ್ತಾರಾ! ಲೇ ಈರಾ, ಇದು ಸರ್ಕಾರಿ ನೌಕರಿ ಕಣೋ!"

ಈರಣ್ಣನವರು ನಗಲಿಲ್ಲ. ಟವೆಲ್ಲನ್ನು ಮಾತ್ರ ಹೆಗಲಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡರು.

ತೆರೆಯ ಮೇಲೆ ಕೋಚ್ ತಿರುಗಿ ಏನೋ ಅಂದ. ತಿಪ್ಪೇಸ್ವಾಮಿ ಎದ್ದುನಿಂತ. ಹೊರಗೆ ಹೋದವನು ಗೋಲಿನ ಮುಂದೆ ಅಡ್ಡ ನಿಂತು ಕಾಯುವ ಸಾಲಿನವನು. ಅವನ ಬದಲಿಗೆ ಇನ್ನೊಬ್ಬನನ್ನು ಇಳಿಸುವಂತಿಲ್ಲ. ಅದಕ್ಕೇ ಮುಂದೆ ಆಡುವವನೊಬ್ಬನನ್ನು ಹೊರಗೆ ಕರೆಸಿಕೊಂಡು, ತೆರವಾದ ಜಾಗ ಕಾಯಲು ನಮ್ಮವನನ್ನು ಕಳಿಸಿದರಂತೆ. ಇದೆಲ್ಲ ಅವನು ಆಮೇಲೆ ಹೇಳಿದ್ದು. ಆಗ ನಾವು ಕಂಡದ್ದು ಇಷ್ಟೇ: ಹನ್ನೊಂದು ಜನರೆದುರು ಹತ್ತು ಜನ, ತಮ್ಮನ ಟೀಮು ಒಂದೇ ಗೋಲು ಮುಂದೆ, ಆಟ ಮುಗಿಯಲು ಇನ್ನೂ ಇಪ್ಪತ್ತು ನಿಮಿಷ. ತಿಪ್ಪೇಸ್ವಾಮಿ ಗೆರೆಯ ಬಳಿ ಬಗ್ಗಿ, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಓಡಿದ.

ಆ ಇಪ್ಪತ್ತು ನಿಮಿಷವನ್ನು ನಾನು ಹೇಗೆ ಹೇಳಲಿ? ಮನೆಗೆ ಬಂದರೆ ಚಾಪೆಯ ಮೇಲೆ ಮಲಗಿ, "ಅಕ್ಕಾ, ಉಪ್ಪಿನಕಾಯಿ ಹಾಕು," ಎನ್ನುವ ಹುಡುಗ ಇವನೇನಾ? ಎದುರಿನವರು ಅಲೆ ಅಲೆಯಾಗಿ ನುಗ್ಗುತ್ತಿದ್ದರು. ಪ್ರತಿಸಲವೂ ಚೆಂಡು ಬರುವ ಜಾಗಕ್ಕೆ, ಚೆಂಡಿಗಿಂತ ಮೊದಲೇ ಇವನು ಬಂದು ನಿಂತಿರುತ್ತಿದ್ದ. ಇವನಿಗಿಂತ ಒಂದು ಮೊಳ ಎತ್ತರದವನೊಬ್ಬ ಚೆಂಡಿನೊಂದಿಗೆ ನುಗ್ಗಿ ಬಂದ. ತಿಪ್ಪೇಸ್ವಾಮಿ ಜಾರಿ, ಒಂದೇ ಒಂದು ಕಾಲು ಚಾಚಿ, ಅವನ ಕಾಲಿಗೆ ತಾಗದ ಹಾಗೆ ಚೆಂಡನ್ನಷ್ಟೇ ತೆಗೆದುಕೊಂಡ. ಗಾಜಿನ ಬಳೆಗಳ ನಡುವಿನಿಂದ ಬೆಣ್ಣೆ ತೆಗೆದ ಹಾಗೆ! ಆ ಎತ್ತರದವನು ಮುಗ್ಗರಿಸಿ ಬಿದ್ದರೆ ಕೈಕೊಟ್ಟು ಎಬ್ಬಿಸಿದ.

ನಾನು ಮೆಲ್ಲಗೆ ಪಕ್ಕಕ್ಕೆ ನೋಡಿದೆ. ಈರಣ್ಣನವರ ಕಣ್ಣು ತಿಪ್ಪೇಸ್ವಾಮಿಯ ಕಾಲಿನ ಮೇಲೆ. ಅವರ ಕಾಲೆರಡೂ ನೆಲದ ಮೇಲೆ ತಾವಾಗಿಯೇ ಆಡುತ್ತಿದ್ದವು, ಎಡ, ಬಲ, ಎಡ, ಬಲ. ಗುಂಡಿ ಮಗ್ಗದಲ್ಲಿ ಕೂತು ಹಲಗೆ ತುಳಿಯುವವರ ಕಾಲು.

ರೆಫ್ರಿ ಸೀಟಿ ಊದಿದ. ಗೆದ್ದರು! ಎಲ್ಲರೂ ಕುಣಿದರೆ ಇವನು ಹುಲ್ಲಿನ ಮೇಲೆ ಕೂತು ಬೂಟು ಬಿಚ್ಚಿದ. ಕಾಲುಚೀಲದ ತುದಿ ಕೆಂಪಗಾಗಿತ್ತು.

ಈರಣ್ಣನವರು ನನ್ನ ಕಡೆ ತಿರುಗಿದರು.

"ಎಷ್ಟು ವರ್ಷ ಆಡ್ತಾನಮ್ಮ ಇನ್ನ?"

ಈ ಸಲ ಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಿಜವನ್ನೇ ಹೇಳಿದೆ. "ಎರಡೋ ಮೂರೋ. ಈಗೀಗ ಹಿಂಗೆ ಕೂರ್ಸೋದೇ ಜಾಸ್ತಿ ಈರಣ್ಣಾರೆ. ಆಮೇಲೆ ಏನ್ ಮಾಡ್ತಾನೋ, ದೇವರಾಣೆ ನಂಗೂ ಗೊತ್ತಿಲ್ಲ."

"ನಂಗೂ ಮಗ್ಗದ ಮುಂದೆ ಹಾಸಿನ ನೂಲು ಬರ್ಲಿ ಅಂತ ಕಾದು ಕೂತ ದಿನ ಎಷ್ಟೋ ಐತೆ ತಾಯಿ," ಎಂದರು ಅವರು. "ಕೂರೋದು ಸುಮ್ನೆ ಮಾತಲ್ಲ. ಕೂತೂ ಕೂತೂ ಮನುಷ್ಯ ಹುಳಿಯಾಗ್ತಾನೆ. ಇವ್ನು ಗಂಟೆಗಟ್ಲೆ ಕೂತ್ರೂ ಮುಖ ಹುಳಿ ಮಾಡ್ಕೊಳ್ಳಿಲ್ಲ. ಕರೆದ ತಕ್ಷಣ ಎದ್ದ, ಬಂದ, ಯಾರೋ ಕೆಡಿಸಿದ್ದನ್ನ ನೆಟ್ಟಗೆ ಮಾಡ್ದ. ನನ್ ಮಗಳಿಗೆ ಇಂಥೋನೇ ಆಗ್ಬೇಕು. ಈ ಕ್ಯಾಸೆಟ್ ಕೊಡಮ್ಮ, ಅವ್ಳೂ ನೋಡಿ ಹ್ಞೂಂ ಅನ್ಲಿ."

ನನ್ನ ಕಣ್ಣು ತುಂಬಿ ಬಂತು. ಕ್ಯಾಸೆಟ್ಟಿನ ಮೇಲೆ ಉಳಿದಿದ್ದ ಕುಂಕುಮವನ್ನು ಒರೆಸದೆ ಹಾಗೆಯೇ ಎಲೆ ಅಡಿಕೆಯೊಂದಿಗೆ ಕೊಟ್ಟೆ. ಬಾಗಿಲವರೆಗೆ ಹೋಗಿ ಇಬ್ಬರಿಗೂ ನಮಸ್ಕಾರ ಮಾಡಿದೆ. ಒಂದು ಮನೆ ಕಟ್ಟಿದೆನಲ್ಲ ಎಂದು ಎದೆ ಉಬ್ಬಿತ್ತು.

ಅಜ್ಜಿ ಮೆಟ್ಟಿಲಿಳಿದು ತಿರುಗಿ ನಿಂತರು. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಅಮ್ಮಾಯಿ, ಒಂದು ಮಾತು. ಮದುವೆ ದಿನ ಎಲ್ಲಾ ಕೆಲ್ಸಾನೂ ನೀನೇ ಮಾಡು, ಅಡ್ಡಿ ಇಲ್ಲ. ಗಂಡನ್ನ ಹಸೆಮಣೆಗೆ ಕರ್ಕಂಡ್ ಬರೋಕೆ ಮಾತ್ರ ಬೇರೆ ಯಾರನ್ನಾದ್ರೂ ಕಳ್ಸು!"

ನಮ್ಮ ಮನೆಯವರು ಟಿ.ವಿ.ಗೆ ಹಗ್ಗ ಬಿಗಿಯುತ್ತಲೇ ಬಿದ್ದು ಬಿದ್ದು ನಕ್ಕರು. ಬೀದಿಯ ನಲ್ಲಿಯಲ್ಲಿ ನೀರು ಬಿಟ್ಟ ಸದ್ದಾಯಿತು. ಎರಡು ಕೊಡ ಎತ್ತಿಕೊಂಡು ಓಡಿದೆ.