ಮಾವನ ಬೆಳಕಿನ ಬೆಸುಗೆ

ನಮ್ಮ ಮಾವನ ಕೈಗೆ ಮುರಿದ ವಸ್ತು ಕೊಡಬೇಡಿ, ಮುರಿಯದ್ದನ್ನಂತೂ ತೋರಿಸಲೂಬೇಡಿ! ಶಿರಸಿ ಪೇಟೆಯಲ್ಲಿ ಅವನದು ಸ್ಟೀಲ್ ಪಾತ್ರೆಗಳ ಮೇಲೆ ಲೇಸರಿನಿಂದ ಹೆಸರು ಬರೆಯುವ ಅಂಗಡಿ. ಮದುವೆಗೆ ಲೋಟ ಕೊಟ್ಟು, ತಮ್ಮ ಹೆಸರು ಕೊಡಪಾನದಷ್ಟು ದೊಡ್ಡದಾಗಿ ಬರಬೇಕೆನ್ನುವವರೇ ಅವನ ಗಿರಾಕಿಗಳು. ಊರವರ ಹೆಸರನ್ನೆಲ್ಲ ಬರೆದ ಈ ಮನುಷ್ಯ ಹೆಂಡತಿಯನ್ನು ಮಾತ್ರ ಹೆಸರು ಹಿಡಿದು ಕರೆದವನಲ್ಲ. 'ಏ', 'ಇವಳೇ', ತೀರಾ ಪ್ರೀತಿ ಬಂದರೆ ಒಂದು ಕೆಮ್ಮು.

ಅತ್ತೆಗೆ ಚಿಕ್ಕಂದಿನಿಂದಲೂ ಎಡಪಾದ ಮೇಲೇಳುವುದಿಲ್ಲ. ಅಡಿಯಲ್ಲಿ ಕಾರ್ಬನ್ ಫೈಬರ್ ಸೇರಿಸಿದ ಪ್ಲಾಸ್ಟಿಕ್ಕಿನ ಕಪ್ಪು ಪಟ್ಟಿ, ಮೀನಖಂಡಕ್ಕೆ ಹಾಲುಬಣ್ಣದ ಪ್ಲಾಸ್ಟಿಕ್ ಕವಚ. ಆ ಆಸರೆ ಕಟ್ಟಿಕೊಂಡೇ ಅಂಗನವಾಡಿಗೆ ನಡೆಯುತ್ತಾಳೆ, ಮಕ್ಕಳಿಗೆ ಹಾಡು ಕಲಿಸುತ್ತಾಳೆ. ಒಂದು ದಿನ ಪಟ್ಟಿ, ಕವಚಗಳ ನಡುವಿನ ಜೋಡಣೆ ಬಿಟ್ಟಿತು. ಹುಬ್ಬಳ್ಳಿಯಿಂದ ಹೊಸದು ಬರುವವರೆಗೆ ಕುರ್ಚಿಯೇ ಗತಿ. ಅಂಟು ನಿಲ್ಲಲಿಲ್ಲ. ತೂತು ಹೊಡೆದರೆ ಫೈಬರಿನ ಎಳೆ ಸೀಳುತ್ತದೆ.

"ಲೇಸರಲ್ಲಿ ಬೆಸೀತೆ," ಎಂದ ಮಾವ.

ಬೇರೆ ಬೇರೆ ಜಾತಿಯ ಪ್ಲಾಸ್ಟಿಕ್ಕು ಅಷ್ಟು ಸುಲಭಕ್ಕೆ ಕೂಡುತ್ತದೆಯೇ? ಬೆಳಕು ಬಿಳಿಯದನ್ನು ಹಾದುಹೋಗಿ ಕಪ್ಪನ್ನು ಬಿಸಿಮಾಡಬೇಕು. ನಡುವೆ ಇಟ್ಟ, ಎರಡಕ್ಕೂ ಒಗ್ಗುವ ತೆಳು ಹಾಳೆ ಕರಗಬೇಕು. ಆರುವವರೆಗೆ ಒತ್ತಿ ಹಿಡಿದಿರಬೇಕು. ಸಾಲದ್ದಕ್ಕೆ ಮಾವನಿಗೆ ಆ ಯಂತ್ರದಲ್ಲಿ ಗೆರೆ ಎಳೆಯಲು ಬಾರದು, ಅಕ್ಷರ ಮಾತ್ರ ಬರುತ್ತದೆ. ಹಾಗಾಗಿ ಬೆಸುಗೆಯೂ ಅಕ್ಷರಗಳಲ್ಲೇ. ಅಭ್ಯಾಸಕ್ಕೆ ಸಿಕ್ಕಿದ ಉಪ್ಪಿನಕಾಯಿ ಡಬ್ಬಿಗೆ ಮುಚ್ಚಳ ಶಾಶ್ವತವಾಗಿ ಕೂಡಿತು; ಬೆಸುಗೆಯಲ್ಲಿ ಯಾರದೋ ಮದುವೆ ಲೋಟದ 'ಯಲ್ಲಾಪುರದ ಭಾವಂದಿರಿಂದ' ಎಂಬ ಬರಹ ಮೂಡಿತ್ತು. ನನ್ನ ನೆನಪಿನಲ್ಲಿ ಅದು ಉಪ್ಪಿನಕಾಯಿ. ಅತ್ತೆ ಪ್ರಕಾರ ಸಕ್ಕರೆ. ಡಬ್ಬಿ ತೆರೆಯಲು ಬಾರದ್ದರಿಂದ ಇಬ್ಬರೂ ಗೆದ್ದಿದ್ದೇವೆ.

"ಮನೇಲಿ ಇನ್ನು ಬೆಸೆಯಲೆ ಎಂತ ಇದ್ದು?" ಅತ್ತೆ ಕುರ್ಚಿಯಿಂದಲೇ ಕೇಳಿದಳು.

"ನೀ ಇದ್ದೆ ಅಲ್ದ?"

"ಹಂಗಾರೆ ಯನ್ನನ್ನೂ ಈ ಕುರ್ಚಿಗೆ ಬೆಸ್ದು ಬಿಡಿ."

ಮಾವ ಆಸರೆಯನ್ನು ಬಗಲಲ್ಲಿಟ್ಟುಕೊಂಡು ಅಂಗಡಿಗೆ ಹೋದ.

ಮರುದಿನ ತಂದುಕೊಟ್ಟ. ಅತ್ತೆ ಕಟ್ಟಿಕೊಂಡಳು, ಗೋಡೆ ಹಿಡಿದು ಎದ್ದಳು, ಗೋಡೆ ಬಿಟ್ಟಳು. ಗೇಟಿನವರೆಗೆ ಹೋಗಿ ಬಂದಳು. ಬೆಸುಗೆ ಜಗ್ಗಲಿಲ್ಲ.

"ಇದ್ರಲ್ಲಿ ಎಂತ ಬರದ್ದೆ, ಮಾವ?" ಎಂದೆ.

"ಎಂತೋ ಒಂದು, ತಮಾ. ಅಕ್ಷರ ಒತ್ತೊತ್ತಾಗಿದ್ರೆ ಆತು."

ಅತ್ತೆ ಅದನ್ನು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದಳು. ಹಾಲುಬಣ್ಣದ ಒಳಗೆ, ಸಾಲಿನ ಮೇಲೆ ಸಾಲು: ಸುಮನಾ ಸುಮನಾ ಸುಮನಾ ಸುಮನಾ.

ಬಹಳ ಹೊತ್ತು ನೋಡಿದಳು. ಆಮೇಲೆ ಮಾವನತ್ತ ಚಾಚಿದಳು.

"ಕನ್ನಡಕ ಇಲ್ಲೆ. ನಿಂಗವೇ ಓದಿ ಹೇಳಿ."

ಕನ್ನಡಕ ಅವಳ ಮೂಗಿನ ಮೇಲೇ ಇತ್ತು. ಮಾವ ಬಾಯಿ ತೆರೆದ, ಮುಚ್ಚಿದ, ಕೊನೆಗೆ ಕೆಮ್ಮಿದ.